ಹಿಂದಿನದನ್ನು ಮಸುಕು ಮಾಡುವ ಲೆನ್ಸು

ಆಶಾರಾಣಿಯವರ ಚಾನೆಲ್‌ಗೆ ನಲವತ್ತೊಂದು ಸಾವಿರ ಜನ ಸೇರಿದ ವಾರವೇ ಹೊಸ ಕ್ಯಾಮೆರಾ ಕೊಳ್ಳುವ ಮಾತು ಎದ್ದಿತು. ಯಾವುದನ್ನು ಕೊಳ್ಳಬೇಕೆಂದು ಆರಿಸುವ ಕೆಲಸ ನನ್ನ ಪಾಲಿಗೆ ಬಂತು.

ಚಾನೆಲ್ಲಿನ ಹೆಸರು ‘ನಮ್ಮ ಹುಳು ಮನೆ’. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಆಶಾರಾಣಿ ಊರಿನ ದೊಡ್ಡ ಮನೆಯ ಸೊಸೆ. ಮಾವ ಚನ್ನಕೇಶವಪ್ಪನವರಿಗೆ ಎಂಟು ಎಕರೆ ಹಿಪ್ಪುನೇರಳೆ ತೋಟ, ಗಂಡ ಮುರಳಿಮೋಹನ್‌ಗೆ ಚಿಕ್ಕಬಳ್ಳಾಪುರದಲ್ಲಿ ಸರ್ಕಾರಿ ಕೆಲಸ. ರೇಷ್ಮೆ ಹುಳ ಸಾಕುವುದು ಹೇಗೆ ಎಂದು ವಾರಕ್ಕೆರಡು ವಿಡಿಯೋ ಬರುತ್ತಿತ್ತು. ಅದರಲ್ಲಿ ಮಾತಾಡುವವರು ಆಶಾರಾಣಿ. ಹುಳ ಸಾಕುವವಳು ನನ್ನ ಅಮ್ಮ ಆಂಜಿನಮ್ಮ. ಫೋನು ಹಿಡಿದು ತೆಗೆಯುವವಳು, ಕತ್ತರಿಸಿ ಜೋಡಿಸಿ ಚಾನೆಲ್ಲಿಗೆ ಏರಿಸುವವಳು ನಾನು, ರೂಪ. ಬಿ.ಎ. ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತಿದ್ದೆ. ನಾವು ಊರಾಚೆಯ ಕಾಲೋನಿಯವರು, ದಲಿತರು.

ಅಮ್ಮ ಆ ಹುಳು ಮನೆಗೆ ಕಾಲಿಟ್ಟು ಮೂವತ್ತೊಂದು ವರ್ಷ. ಹುಳ ಹಾಲುರೋಗಕ್ಕೆ ತಿರುಗುವ ಹಿಂದಿನ ದಿನವೇ ಅವಳಿಗೆ ತಿಳಿಯುತ್ತದೆ. ಬೆಳಿಗ್ಗೆ ಅವಳು ತಟ್ಟೆ ಬದಲಿಸುತ್ತ ಹೇಳಿದ ಮಾತನ್ನು ಮಧ್ಯಾಹ್ನ ಆಶಾರಾಣಿ ಫೋನಿನ ಮುಂದೆ ಕೂತು, “ನನ್ನ ಅನುಭವದಲ್ಲಿ ಏನು ಅಂದ್ರೆ ಫ್ರೆಂಡ್ಸ್...” ಎಂದು ಶುರು ಮಾಡುತ್ತಿದ್ದರು. ಕೈ ಮಾತ್ರ ಅಮ್ಮನದು ಬೇಕಾಗುತ್ತಿತ್ತು, ಏಕೆಂದರೆ ಹುಳ ಮುಟ್ಟಿದರೆ ಆಶಾರಾಣಿಗೆ ಮೈ ಜುಮ್ಮೆನ್ನುತ್ತದೆ.

“ಆಂಜಿನಮ್ಮ, ಈ ಬಳೆ ಹಾಕ್ಕೋ. ನಾನು ಹಾಕಿರೋವೇ ಇವು, ಇನ್ನೊಂದು ಜೊತೆ. ಹತ್ತಿರದಿಂದ ತೆಗೆದ್ರೆ ನನ್ನ ಕೈ ಥರಾನೇ ಕಾಣುತ್ತೆ.”

ಅಮ್ಮ ಬಳೆ ಹಾಕಿಕೊಳ್ಳುತ್ತಿದ್ದಳು. ತೆಗೆದಾದ ಮೇಲೆ ಬಳೆ ಬಿಚ್ಚಿ ಕಟ್ಟೆಯ ಮೇಲಿಡುತ್ತಿದ್ದಳು. ಆಶಾರಾಣಿಯ ಅತ್ತೆ ಕದಿರಮ್ಮ ಅದರ ಮೇಲೆ ನೀರು ಹೊಯ್ದು ಒಳಗೆ ತೆಗೆದುಕೊಂಡು ಹೋಗುತ್ತಿದ್ದರು.

ಇದನ್ನೆಲ್ಲ ನಾನೇ ತೆಗೆದೆ. ಸುಳ್ಳು ಹೇಳುವುದಿಲ್ಲ. ನನಗೊಂದು ಆಸೆ ಇತ್ತು. ಒಂದೇ ಒಂದು ವಿಡಿಯೋದಲ್ಲಿ ಅಮ್ಮನ ಮುಖ ಬರಬೇಕು, ಕೆಳಗೆ ಅವಳ ಹೆಸರು ಬರಬೇಕು, ಹುಳದ ವಿಷಯ ಅವಳ ಬಾಯಿಂದಲೇ ಬರಬೇಕು. ಆಶಾರಾಣಿ ಮಾತು ಕೊಟ್ಟಿದ್ದರು: “ಫೋನಲ್ಲಿ ನಿಮ್ಮಮ್ಮನ ಮುಖ ಬರೀ ಕಪ್ಪಗೆ ಬರುತ್ತೆ ಕಣೇ. ಹೊಸ ಕ್ಯಾಮೆರಾ ಬರಲಿ. ಮೊದಲನೇ ವಿಡಿಯೋ ಅವಳದ್ದೇ.”

ಅದಕ್ಕೇ ಇಪ್ಪತ್ತು ದಿನ ಕಣ್ಣು ಕೀಳುವಷ್ಟು ಹುಡುಕಿದೆ. ಸೈಕಲ್ಲಿಗೆ ಸಿಕ್ಕಿಸುವ ಪುಟ್ಟ ಕ್ಯಾಮೆರಾ ಬಯಲಲ್ಲಿ ಚೆನ್ನ, ಹುಳು ಮನೆಯೊಳಗೆ ಅದಕ್ಕೆ ಕಣ್ಣೇ ಕಾಣದು. ಹ್ಯಾಂಡಿಕ್ಯಾಮ್ ಅಂಗೈಯಲ್ಲಿ ಕೂರುತ್ತದೆ, ದೂರದ್ದನ್ನು ಹತ್ತಿರ ಎಳೆಯುತ್ತದೆ, ಆದರೆ ಕತ್ತಲಲ್ಲಿ ಅದೂ ಫೋನಿನ ತಮ್ಮನೇ. ನಮ್ಮ ಕಷ್ಟವೆಲ್ಲ ಕತ್ತಲಿನದು. ಹುಳಕ್ಕೆ ಜೋರು ಬೆಳಕು ಆಗದು. ಕಿಟಕಿಗೆ ಒದ್ದೆ ಗೋಣಿ ಕಟ್ಟಿರುತ್ತಾರೆ, ದೀಪ ಹಾಕಿದರೆ ಅಮ್ಮ ಬೈಯುತ್ತಾಳೆ. ಫೋನಿನಲ್ಲಿ ತೆಗೆದರೆ ಹಾಲಿನಂಥ ಹುಳ ಬೂದಿ ಮೆತ್ತಿದ ಹಾಗೆ ಕಾಣುತ್ತಿತ್ತು. ಒಳಗಿನ ಸೆನ್ಸರ್ ದೊಡ್ಡದಿದ್ದಷ್ಟೂ ಕಡಿಮೆ ಬೆಳಕಲ್ಲಿ ಚೆನ್ನಾಗಿ ಬರುತ್ತದೆ ಎಂದು ತಿಳಿಯಿತು. ಲೆನ್ಸು ಬದಲಿಸಬಹುದಾದ ಮಿರರ್‌ಲೆಸ್ ಕ್ಯಾಮೆರಾವೊಂದನ್ನು ಗುರುತು ಮಾಡಿಕೊಂಡೆ. ಮೈಕು ಸಿಕ್ಕಿಸಲು ತೂತು ಇದೆಯೇ, ಅರ್ಧ ಗಂಟೆ ಓಡಿದರೆ ಕಾದು ನಿಂತುಹೋಗುತ್ತದೆಯೇ, ಎಲ್ಲ ಓದಿ ಪುಸ್ತಕದಲ್ಲಿ ಬರೆದುಕೊಂಡೆ.

ಚಿಂತಾಮಣಿಯ ರಮೇಶ್‌ಬಾಬು ಅಂಗಡಿಗೆ ಹೋದೆವು. ಆತ ಮದುವೆ ಫೋಟೋ ತೆಗೆಯುವವನು, ಕ್ಯಾಮೆರಾ ಮಾರುವವನು, ಮಾತಿಗೆ ತೆಲುಗು ಬೆರೆಸುವವನು.

“ರಂಡಿ ಮೇಡಂ, ಕೂತ್ಕೊಳ್ಳಿ. ಮುಖ ಬೆಳ್ಳಗೆ ಬರೋದು ಬೇಕಾ?”

“ಬೆಳ್ಳಗೂ ಬರಲಿ,” ಎಂದು ಆಶಾರಾಣಿ ನಕ್ಕರು. “ಇವಳನ್ನ ಕೇಳಿ, ಇವಳೇ ನಮ್ಮ ಎಕ್ಸ್‌ಪರ್ಟು.”

ನಾನು ಪುಸ್ತಕ ತೆಗೆದು ಒಂದೊಂದೇ ಕೇಳಿದೆ. ರಮೇಶ್‌ಬಾಬುಗೆ ಅರ್ಧಕ್ಕೆ ಉತ್ತರ ಗೊತ್ತಿರಲಿಲ್ಲ. ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದ. “ಏಮಮ್ಮ, ಇಷ್ಟೆಲ್ಲಾ ಕಲಿತಿದೀಯ! ಯಾವೂರು? ಯಾರ ಪೈಕಿ ನೀನು?”

‘ಯಾರ ಪೈಕಿ’ ಎಂದರೆ ಯಾವ ಜಾತಿ ಎಂದು ನಮ್ಮ ಕಡೆ ಹಾಲುಗಲ್ಲದ ಮಗುವಿಗೂ ಗೊತ್ತು.

“ನಮ್ಮನೆ ಹುಡುಗೀನೇ,” ಎಂದರು ಆಶಾರಾಣಿ.

ಸುಳ್ಳು ಎಷ್ಟು ಸಿಹಿಯಾಗಿತ್ತೆಂದರೆ ನಾನು ಅವತ್ತಿಡೀ ಅದನ್ನು ಚಪ್ಪರಿಸಿದೆ. ಕ್ಯಾಮೆರಾ ಕೊಂಡರು. ಇದರ ಜೊತೆಗೆ ಬರುವ ಲೆನ್ಸು ಸುಮಾರಿನದು, ಕತ್ತಲಿಗೆ ಇನ್ನೊಂದು ಬೇಕು ಅಂದೆ. “ಆಮೇಲೆ ನೋಡಣ ಕಣೇ,” ಅಂದರು.

ಮೊದಲ ವಿಡಿಯೋ ಅಮ್ಮನದಾಗಲಿಲ್ಲ. ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತು. “ಇದನ್ನ ಬಿಟ್ರೆ ಇನ್ನೊಂದು ತಿಂಗಳು ಕಾಯ್ಬೇಕು ಕಣೇ, ಇದೊಂದು ಆಗಲಿ,” ಅಂದರು. ಬೆಳಿಗ್ಗೆ ಹತ್ತರ ಬಿಸಿಲಲ್ಲಿ, ಹುಳು ಮನೆಯ ಮುಂದಿನ ಅಂಗಳದಲ್ಲಿ ಕೂರಿಸಿ ತೆಗೆದೆ. ಪಕ್ಕದಲ್ಲಿ ಗೂಡು ಕಟ್ಟಲು ಹುಳ ಬಿಟ್ಟ ಬಿದಿರಿನ ಚಂದ್ರಿಕೆ, ಹಿಂದೆ ಕಾಂಪೌಂಡು ಗೋಡೆ, ನಲ್ಲಿ. ಹದಿನಾಲ್ಕು ನಿಮಿಷದ ವಿಡಿಯೋ. ಹುಳದ ಮೈಯೊಳಗಿನ ಚಿನ್ನದ ಬಣ್ಣ ಕೂಡ ಕಾಣುವಷ್ಟು ಸ್ಪಷ್ಟವಾಗಿ ಬಂತು. ನನಗೆ ಹೆಮ್ಮೆಯಾಯಿತು.

ಮರುದಿನ ಬೆಳಿಗ್ಗೆ ನೋಡಿದರೆ ಕೆಳಗೆ ಒಬ್ಬರು ಬರೆದಿದ್ದರು: “ಅಕ್ಕ, 7:12ರಲ್ಲಿ ಹಿಂದೆ ಏನು ನಡೀತಿದೆ?”

ಗೌರಿಬಿದನೂರಿನ ಯಾರೋ ಉತ್ತರಿಸಿದ್ದರು: “ಗೊತ್ತಿಲ್ವಾ ಸಾರ್? ಕಾಫಿ ಕೊಡ್ತಾ ಇದಾರೆ. ಆಕಾಶದಿಂದ.”

ಏಳು ನಿಮಿಷ ಹನ್ನೆರಡನೇ ಸೆಕೆಂಡಿಗೆ ಹೋಗಿ ನೋಡಿದೆ. ಆಶಾರಾಣಿಯ ಬಲ ಕಿವಿಯ ಪಕ್ಕದಲ್ಲಿ, ಗೋಡೆಯ ಗೂಡಿನಿಂದ ಅಮ್ಮ ಒಂದು ಸ್ಟೀಲ್ ಲೋಟ ತೆಗೆಯುತ್ತಾಳೆ. ಮನೆಯ ಪಾತ್ರೆಗಳಲ್ಲಿ ಬೆರೆಯದಿರಲೆಂದು ಅದರ ಕಂಠಕ್ಕೆ ಗೇಟಿಗೆ ಬಳಿದು ಉಳಿದ ಹಸಿರು ಪೇಂಟು ಬಳಿದಿದೆ. ನಲ್ಲಿಯಲ್ಲಿ ತೊಳೆದುಕೊಂಡು ಕುಕ್ಕರಗಾಲಲ್ಲಿ ಕೂತು ಲೋಟ ಹಿಡಿಯುತ್ತಾಳೆ. ಕದಿರಮ್ಮ ಮೆಟ್ಟಿಲ ಮೇಲೆ ನಿಂತು ಮೊಳದೆತ್ತರದಿಂದ ಕಾಫಿ ಹೊಯ್ಯುತ್ತಾರೆ. ಎರಡು ಹನಿ ಅಮ್ಮನ ಮಣಿಕಟ್ಟಿಗೆ ಸಿಡಿಯುತ್ತವೆ. ಅದೂ ಕಾಣುತ್ತದೆ, ಅಷ್ಟು ಒಳ್ಳೆಯ ಕ್ಯಾಮೆರಾ. ಇತ್ತ ಆಶಾರಾಣಿ ನಗುತ್ತ ಹೇಳುತ್ತಿದ್ದಾರೆ: “ಹುಳ ಸಾಕೋದ್ರಲ್ಲಿ ಶುಚಿ ಮುಖ್ಯ ಫ್ರೆಂಡ್ಸ್.”

ನೂರಾರು ಸಲ ಆ ಅಂಗಳದಲ್ಲಿ ವಿಡಿಯೋ ತೆಗೆದಿದ್ದೇನೆ. ಇದು ಪ್ರತಿಸಲವೂ ಹಿಂದೆ ನಡೆದಿತ್ತು. ಫೋನಿಗೆ ಕಾಣಿಸಿರಲಿಲ್ಲ ಅಷ್ಟೆ. ನನಗೂ ಕಾಣಿಸಿರಲಿಲ್ಲ. ಕ್ಯಾಮೆರಾ ಹಿಡಿದು ನೇರ ಅದನ್ನೇ ನೋಡುತ್ತಿದ್ದವಳು ನಾನು, ಕತ್ತರಿಸುವಾಗ ಹತ್ತು ಸಲ ನೋಡಿದವಳು ನಾನು. ಹುಟ್ಟಿದಾಗಿನಿಂದ ಕಂಡ ಲೋಟ. ಅಮ್ಮನ ಮೈಮೇಲಿನ ಹಳೇ ಮಚ್ಚೆಯ ಹಾಗೆ ಅದು ನನ್ನ ಕಣ್ಣಿಗೆ ಸಲೀಸಾಗಿಬಿಟ್ಟಿತ್ತು. ಇದಕ್ಕಾಗಿ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆ ಚಿತ್ರ ಕೆಂಪು ವೃತ್ತ ಹಾಕಿಸಿಕೊಂಡು ಎಲ್ಲೆಲ್ಲೋ ಓಡಾಡುತ್ತಿತ್ತು. ವೃತ್ತದೊಳಗೆ ಅಮ್ಮ, ಲೋಟ ಎತ್ತಿ ಹಿಡಿದು. ಕೋಪಗೊಂಡವರು ಸಾವಿರ ಜನ ಇದ್ದರು, ಅವಳ ಹೆಸರೇನು ಎಂದು ಒಬ್ಬರೂ ಕೇಳಿರಲಿಲ್ಲ. ಸಂಜೆ ಮುರಳಿಮೋಹನ್ ಕಚೇರಿಯಿಂದ ಓಡಿಬಂದು ಚಾನೆಲ್ಲಿನಿಂದ ವಿಡಿಯೋ ಅಳಿಸಿದರು. ನನ್ನನ್ನು ಕರೆಸಿದರು. ಅವರೆಲ್ಲ ಜಗಲಿಯ ಮೇಲೆ, ನಾನು ಮೆಟ್ಟಿಲ ಕೆಳಗೆ.

“ಏನಮ್ಮ ರೂಪ,” ಚನ್ನಕೇಶವಪ್ಪ ಕೇಳಿದರು. ಹುಣ್ಣಿಮೆಗೊಂದು ಸಲ ಕೈವಾರಕ್ಕೆ ಹೋಗಿ ಭಜನೆಗೆ ಕೂರುವ ಮೆತ್ತನೆ ಮನುಷ್ಯ, ದನಿ ಎತ್ತುವವರಲ್ಲ. “ಬೇಕು ಅಂತಲೇ ತೆಗೆದ್ಯಾ?”

“ಇಲ್ಲ ದೊಡ್ಡಯ್ಯ.”

“ಮತ್ತೆ ಇಷ್ಟು ದಿವಸ ಕಾಣದೆ ಇದ್ದಿದ್ದು ಈಗ ಹೆಂಗೆ ಕಾಣ್ತು?”

“ಕ್ಯಾಮೆರಾ ಒಳ್ಳೇದು, ದೊಡ್ಡಯ್ಯ.”

“ನಾನೇನು ವಿಷ ಹಾಕಿದ್ನಾ?” ಎಂದರು ಕದಿರಮ್ಮ. “ಮೂವತ್ತು ವರ್ಷದಿಂದ ಒಂದು ದಿನ ತಪ್ಪದೆ ಕಾಫಿ ಕೊಟ್ಟಿದೀನಿ. ಕಾಫಿ ಕೊಟ್ಟಿದ್ದೂ ತಪ್ಪಾ ಈಗ?”

“ಅಮ್ಮ, ಕೇಸ್ ಆದ್ರೆ ನನ್ನ ಕೆಲಸ ಹೋಗುತ್ತೆ,” ಎಂದರು ಮುರಳಿಮೋಹನ್. “ಒಂದು ಕೆಲಸ ಮಾಡಣ. ಆಂಜಿನಮ್ಮನ್ನ ಇಲ್ಲೇ ಜಗಲಿ ಮೇಲೆ ಆಶಾ ಪಕ್ಕ ಕೂರಿಸಿ, ನಮ್ಮ ಲೋಟದಲ್ಲಿ ಕಾಫಿ ಕುಡಿಸಿ ಒಂದು ವಿಡಿಯೋ ಹಾಕಣ.”

“ನಮ್ಮ ಲೋಟ ಅಂದ್ರೆ ಯಾವ ಲೋಟನೋ?” ಕದಿರಮ್ಮ ಕೇಳಿದರು.

“ಯಾವುದೋ ಒಂದು.”

“ಕುಡಿದ್ಮೇಲೆ ಆ ಲೋಟ ಏನು ಮಾಡ್ತೀಯ?”

“ಅವಳಿಗೇ ಕೊಟ್ಟು ಕಳಿಸಿದ್ರಾಯ್ತು ಬಿಡು.”

“ನನ್ನ ತವರಿನ ಸೆಟ್ಟು ಕಣೋ ಅದು. ಆರಿದಾವೆ. ಐದಾಗ್ತವೆ!”

ಯಾರೂ ನಗಲಿಲ್ಲ. ನನಗೆ ನಗು ಬಂತು, ನುಂಗಿಕೊಂಡೆ. ಹುಳು ಮನೆಯೊಳಗೆ ಅಮ್ಮ ಸೊಪ್ಪು ಹಾಕುತ್ತಿದ್ದಳು. ಆ ಮನೆಗೆ ನೆಂಟರಿಷ್ಟರು ಯಾರೂ ಕಾಲಿಡುವಂತಿಲ್ಲ, ಹುಳಕ್ಕೆ ಕಣ್ಣಾಗುತ್ತದೆ. ಮುಟ್ಟಾದರೆ ಆಶಾರಾಣಿಯೂ ಹೋಗುವಂತಿಲ್ಲ. ಅಮ್ಮನಿಗೆ ಮಾತ್ರ ಯಾವ ದಿನವೂ ತಡೆಯಿಲ್ಲ. ಬ್ಲೀಚಿಂಗ್ ನೀರಲ್ಲಿ ಕಾಲದ್ದಿದರೆ ಸಾಕು, ಒಂದೊಂದು ಎಲೆಯನ್ನೂ ಒಂದೊಂದು ಹುಳವನ್ನೂ ಅವಳ ಕೈ ಮುಟ್ಟಬಹುದು. ಆ ಹುಳ ನೂತ ನೂಲಿನ ಸೀರೆಯುಟ್ಟೇ ಕದಿರಮ್ಮ ದೇವರ ಮುಂದೆ ದೀಪ ಹಚ್ಚುತ್ತಾರೆ. ಲೋಟ ಮಾತ್ರ ಗೋಡೆಯ ಗೂಡಿನಲ್ಲೇ ಇರಬೇಕು.

ಆಶಾರಾಣಿ ಇದ್ದಕ್ಕಿದ್ದಂತೆ ಚಪ್ಪಾಳೆ ತಟ್ಟಿದರು. “ಅತ್ತೆ! ನನ್ನ ತಮ್ಮ ಚೈತನ್ಯನ ಮದುವೆ ವಿಡಿಯೋ ನೋಡಿದ್ರಲ್ಲ? ಹುಡುಗಿ ಮುಖ ಮಾತ್ರ ಲಕಲಕ ಅಂತಿತ್ತು, ಹಿಂದೆ ಇದ್ದೋರೆಲ್ಲ ಬಣ್ಣ ಕಲೆಸಿದ ಹಂಗೆ ಕಾಣ್ತಿದ್ರು. ಅದಕ್ಕೆ ಬೇರೆ ಲೆನ್ಸ್ ಬರುತ್ತೆ ಅಲ್ವೇನೇ ರೂಪ? ಹಿಂದೆ ಇರೋದು ಮಸುಕಾಗೋದು?”

“ಬರುತ್ತೆ ಅಕ್ಕ.”

“ಅದನ್ನ ಹಾಕ್ಕೊಂಡ್ರೆ ಈ ರಾಮಾಯಣನೇ ಇರಲ್ವಲ್ಲ!”

ಎಲ್ಲರ ಮುಖದ ಗಂಟು ಸಡಿಲವಾಯಿತು. ಕದಿರಮ್ಮ ಎದ್ದು ಒಲೆ ನೋಡಲು ಹೋದರು. “ಒಳ್ಳೇದು ತಗೊಳ್ಳಿ, ಕಡಿಮೆದು ಬೇಡ,” ಎಂದರು ಚನ್ನಕೇಶವಪ್ಪ. ಮನೆಯಲ್ಲಿ ಒಂದು ಹುಲ್ಲುಕಡ್ಡಿಯನ್ನೂ ಆಚೀಚೆ ಮಾಡಬೇಕಾಗಿಲ್ಲ ಎಂದು ಗೊತ್ತಾದಾಗ ಆ ಜನಕ್ಕೆ ಆಗುವ ಸಮಾಧಾನವನ್ನು ನಾನು ಅವತ್ತು ಮೆಟ್ಟಿಲ ಕೆಳಗೆ ನಿಂತು ಕಣ್ಣಾರೆ ನೋಡಿದೆ. “ಯಾವುದು ಅಂತ ನೀನೇ ಆರಿಸಮ್ಮ,” ಎಂದರು ನನಗೆ.

ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿದ ದಿನವೇ ಚಿಂತಾಮಣಿಗೂ ಹೋದೆವು. ಕಾರಿನಲ್ಲಿ ಆಶಾರಾಣಿ ಮತ್ತು ನಾನು. ಹಿಂದೆ ಲಗೇಜು ಆಟೋದಲ್ಲಿ ಖಾಲಿ ಗೋಣಿಗಳ ಜೊತೆ ಅಮ್ಮ. ರಮೇಶ್‌ಬಾಬು ಗಾಜಿನ ಬೀರುವಿನಿಂದ ಒಂದು ಗಿಡ್ಡ, ದಪ್ಪ ಲೆನ್ಸು ತೆಗೆದು ಕ್ಯಾಮೆರಾಕ್ಕೆ ಸಿಕ್ಕಿಸಿದ.

“ಇದು ನೋಡಿ ಮೇಡಂ. ಹಿಂದೆ ಆನೆ ನಿಂತಿದ್ರೂ ಗೊತ್ತಾಗಲ್ಲ. ನೀವು ಈ ಸ್ಟೂಲ್ ಮೇಲೆ ಕೂತ್ಕೊಳ್ಳಿ. ಹಿಂದೆ ಯಾರಾದ್ರೂ ಬೇಕಲ್ಲ...” ಅತ್ತಿತ್ತ ನೋಡಿ ಬಾಗಿಲ ಹೊರಗೆ ನಿಂತಿದ್ದ ಅಮ್ಮನನ್ನು ಕರೆದ. “ಏಯ್ ಅಮ್ಮಾ, ಬಾ ಇಲ್ಲಿ. ಆ ಗೋಡೆ ಹತ್ರ ನಿಂತ್ಕೋ. ಕ್ಯಾಮೆರಾ ನೋಡು.”

ಅಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದಳು. ಕೆಂಪು ವೃತ್ತದ ಚಿತ್ರ ಅವಳೂ ನೋಡಿದ್ದಳು, ಈ ಲೆನ್ಸು ಯಾಕೆಂದು ಮಾತ್ರ ನಾನು ಹೇಳಿರಲಿಲ್ಲ. ಒಂದು ತಿಂಗಳ ಹಿಂದೆ, ‘ಹೊಸ ಕ್ಯಾಮೆರಾ ಬಂದ್ಮೇಲೆ ನಿನ್ನನ್ನ ತೆಗೀತೀನಿ’ ಎಂದಿದ್ದೆ, ಅದೇ ಅವಳ ಮನಸ್ಸಿನಲ್ಲಿದ್ದದ್ದು. ತನ್ನ ಸರದಿ ಬಂತು ಎಂದುಕೊಂಡಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಕೂದಲಿಗೆ ಅಂಟಿದ ಗೂಡಿನ ನೂಲೆಳೆ ತೆಗೆದಳು. ನೀಲಿ ಸೀರೆಯ ನೆರಿಗೆ ಸರಿಮಾಡಿಕೊಂಡು, ನೆಟ್ಟಗೆ ನಿಂತು, ನನ್ನನ್ನು ನೋಡಿ ನಕ್ಕಳು.

“ತಿರುಗಿಸಮ್ಮ,” ಎಂದ ರಮೇಶ್‌ಬಾಬು.

ಲೆನ್ಸಿನ ಅಂಕಿ ಇಳಿಸಿದಷ್ಟೂ ಅದರ ಕಣ್ಣು ಅಗಲವಾಗಿ ಹಿಂದಿನದು ಮಸುಕಾಗುತ್ತದೆ. ಎಂಟರಲ್ಲಿ ಅಮ್ಮನ ಮೂಗುತಿ ಕಾಣುತ್ತಿತ್ತು. ನಾಲ್ಕಕ್ಕೆ ತಂದೆ, ಹಲ್ಲು ಹೋದವು, ನಗು ಮಾತ್ರ ಉಳಿಯಿತು. ಎರಡಕ್ಕೆ ತಂದೆ, ಕಣ್ಣು ಹೋದವು. ಒಂದೂ ಕಾಲಿಗೆ ಬಂದಾಗ ಆಶಾರಾಣಿಯ ರೆಪ್ಪೆಯ ಕೂದಲು ಎಣಿಸಬಹುದಿತ್ತು, ಅವರ ಭುಜದ ಹಿಂದೆ ಒಂದು ನೀಲಿ ಕಲೆ ನಿಂತಿತ್ತು.

“ಚೂಡಂಡಿ ಮೇಡಂ! ಮನುಷ್ಯರೋ ಬಟ್ಟೆ ಒಣಗ ಹಾಕಿರೋದೋ ಗೊತ್ತಾಗುತ್ತಾ?”

ಆಶಾರಾಣಿ ಪರದೆ ನೋಡಿ ಹಿಗ್ಗಿದರು. ನಾನು ಕ್ಯಾಮೆರಾ ಕೆಳಗಿಳಿಸಿ ಮೆಲ್ಲಗೆ ಹೇಳಿದೆ: “ಅಕ್ಕ, ಇದು ತುಂಬಾ ದುಬಾರಿ. ಆ ಲೋಟ ತೆಗೆದುಬಿಟ್ರೆ ಆಗಲ್ವಾ?”

ಅವರು ನನ್ನನ್ನು ನಿಜವಾಗಿಯೂ ಅರ್ಥವಾಗದೆ ನೋಡಿದರು.

“ತೆಗೆದುಬಿಟ್ರೆ ನಿಮ್ಮಮ್ಮ ಯಾವುದ್ರಲ್ಲಿ ಕುಡೀತಾಳೆ? ಪಾಪ.”

ಆ ಪಾಪ ಅನ್ನುವ ಮಾತನ್ನು ಅವರು ಮನಸಾರೆ ಅಂದಿದ್ದರು.

“ಹೇಳಮ್ಮ, ಸಾಕಾ ಇಷ್ಟು ಮಸುಕು?” ರಮೇಶ್‌ಬಾಬು ಕೇಳಿದ.

ಗೋಡೆಯ ಹತ್ತಿರ ಅಮ್ಮ ಇನ್ನೂ ನಗುತ್ತಲೇ ನಿಂತಿದ್ದಳು. ಸಾಕು, ಎಂದೆ.

ಹೊಸ ಲೆನ್ಸಿನಲ್ಲಿ ಮೊದಲ ವಿಡಿಯೋ ನಾನೇ ತೆಗೆದೆ. ಜನ ಮೆಚ್ಚಿದರು. “ಕ್ವಾಲಿಟಿ ಸೂಪರ್ ಅಕ್ಕ, ಯಾವ ಕ್ಯಾಮೆರಾ?” ಎಂದು ಕೇಳಿದವರಿಗೆಲ್ಲ ಆಶಾರಾಣಿ ಹೃದಯದ ಚಿತ್ರ ಹಾಕಿ ಉತ್ತರ ಕೊಟ್ಟರು. ಹಿಂದಿನ ವಾರ ಸಿಟ್ಟಾಗಿದ್ದವರಲ್ಲಿ ಮುಕ್ಕಾಲು ಜನಕ್ಕೆ ಮರೆತೇಹೋಗಿತ್ತು. ಅಮ್ಮ ಕೆಲಸ ಮುಗಿಸಿ ಮನೆಗೆ ಬಂದವಳು, “ಎಲ್ಲಿ, ತೋರ್ಸು,” ಎಂದು ಪಕ್ಕದಲ್ಲಿ ಕೂತಳು. ಹನ್ನೊಂದು ನಿಮಿಷ ಪೂರ್ತಿ ನೋಡಿದಳು.

“ಇದ್ರಾಗೆ ನಾನೆಲ್ಲಿ?”

ಬೆರಳಿಟ್ಟು ತೋರಿಸಿದೆ. ನೀಲಿಯದೊಂದು ಅಲುಗಾಡಿ, ಬಾಗಿ, ಕೂತು, ಎದ್ದು ಹೋಗುತ್ತಿತ್ತು.

“ಅವತ್ತು ಅಂಗಡೀನಾಗೆ ಹಲ್ಲು ಕಿರ್ಕೊಂಡು ನಿಂತಿದ್ನಲ್ಲ. ಇದಕ್ಕಾ?”

ನಾನು ವಿಡಿಯೋ ನಿಲ್ಲಿಸಿದೆ.

“ಇದನ್ನ ಆರಿಸಿದ್ದು ಯಾರು?”

“ನಾನೇ ಅಮ್ಮ.”

ಅವಳು ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸತೊಡಗಿದಳು. ನಾನು ಹಿಂದೆಯೇ ಹೋದೆ.

“ಆ ಹಳೇ ವಿಡಿಯೋ ನನ್ನ ಹತ್ರ ಐತೆ. ಅವರು ಅಳಿಸಿದ್ರೂ ನಾನು ಇಟ್ಕೊಂಡಿದೀನಿ. ಚಾನೆಲ್ ಪಾಸ್‌ವರ್ಡೂ ಐತೆ. ಮತ್ತೆ ಹಾಕ್ಲಾ? ಊರೆಲ್ಲಾ ನೋಡ್ಲಿ.”

“ಬ್ಯಾಡ.”

“ಯಾಕೆ? ಹೆದರ್ತೀಯಾ?”

“ಥೂ, ಹೆದರಿಕೆ ಎಂತದ್ದೇ?” ಮೊರ ಕೆಳಗಿಟ್ಟಳು. “ಅದ್ರಾಗೆ ನಾನು ಕುಕ್ಕರಗಾಲಾಗೆ ಕೂತು ಕೈ ಒಡ್ಡಿದೀನಿ. ಜಗತ್ತೆಲ್ಲಾ ನನ್ನನ್ನ ಹಂಗೇ ನೋಡ್ಬೇಕಾ? ನೋಡಿ ಅಯ್ಯೋ ಅನ್ಬೇಕಾ? ಅವ್ರು ಮಸುಕು ಮಾಡಿದ್ರು, ಇವ್ರು ಕೆಂಪುಗೆ ಸುತ್ತಾಕಿದ್ರು. ನಾನು ಮಾಡೋ ಕೆಲ್ಸ ಯಾರ್ ತೋರಿಸಿದ್ರೇ?”

ಬೆಳಿಗ್ಗೆ ಅವಳ ಜೊತೆ ಹೋದೆ. ಹೊಸ ಹುಳ ಮೂರನೇ ಜ್ವರದಲ್ಲಿದ್ದವು. ಹುಳ ಪೊರೆ ಕಳಚುವ ಮುಂಚೆ ತಿನ್ನುವುದು ಬಿಟ್ಟು ತಲೆ ಎತ್ತಿ ಅಲುಗಾಡದೆ ಕೂರುತ್ತವೆ, ಅದನ್ನೇ ಜ್ವರ ಎನ್ನುವುದು. “ಜ್ವರದ್ದು ಕ್ಲೋಸಪ್ ತೆಗೀಬೇಕು ಅಕ್ಕ,” ಎಂದು ಆಶಾರಾಣಿಯಿಂದ ಕ್ಯಾಮೆರಾ ಇಸಿದುಕೊಂಡೆ. “ಬಳೆ?” ಎಂದರು. “ಇವತ್ತು ಬೇಡ,” ಎಂದೆ.

ಹುಳು ಮನೆಯೊಳಗೆ ಕ್ಯಾಮೆರಾ ಎತ್ತಿದವಳು ಬೆರಗಾದೆ. ಒದ್ದೆ ಗೋಣಿಯ ಸಂದಿಯಲ್ಲಿ ಬರುತ್ತಿದ್ದ ಎರಡೆಳೆ ಬೆಳಕು ಅದಕ್ಕೆ ಧಾರಾಳವಾಗಿತ್ತು. ಹಿಂದಿನದನ್ನು ಮಸುಕು ಮಾಡುವ ಆ ಅಗಲ ಕಣ್ಣಿನ ಲೆನ್ಸೇ ಕತ್ತಲಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನೋಡುತ್ತದೆ. ಮೊದಲ ದಿನ ನಾನು ಕೇಳಿದ್ದು ಅಂಥದ್ದನ್ನೇ. ಅಮ್ಮನಿಗಾಗಿ ಆಗ ಬೇಡವಾಗಿದ್ದು ಲೋಟಕ್ಕಾಗಿ ಬಂದಿತ್ತು. ಪರದೆಯಲ್ಲಿ ಅಮ್ಮನ ಮುಖದ ಮೇಲೆ ಬೆರಳು ಒತ್ತಿದೆ. ಕೆನ್ನೆಯ ಸುಕ್ಕು, ರೆಪ್ಪೆ, ಕಣ್ಣೊಳಗಿನ ಕಿಟಕಿ, ಎಲ್ಲ ಬಂದವು.

“ಹೆಸರು ಹೇಳು.”

“ನನ್ನ ಹೆಸರು ಆಂಜಿನಮ್ಮ. ಮೂವತ್ತೊಂದು ವರ್ಷದಿಂದ ಹುಳ ಸಾಕ್ತಾ ಇದೀನಿ.” ತಟ್ಟೆ ಕೈಗೆತ್ತಿಕೊಂಡಳು. “ಹುಳ ಜ್ವರದಿಂದ ಎದ್ದೈತೋ ಇಲ್ಲವೋ ಅಂತ ಗೊತ್ತಾಗದೆ ಸೊಪ್ಪು ಹಾಕಿದ್ರೆ ಮನೆ ಹಾಳಾಗ್ತದೆ. ಮುಂಚೆ ಹಾಕಿದ್ರೆ ಎದ್ದಿರೋವು ತಿಂದು ದಪ್ಪ ಆಗ್ತವೆ, ಮಲಗಿರೋವು ಸೊಪ್ಪಿನ ಕೆಳಗೆ ಸಿಕ್ಕಿ ಸಾಯ್ತವೆ. ತಡ ಆದ್ರೆ ಎಲ್ಲಾವೂ ಸೊರಗ್ತವೆ. ಹಿಂಗೆ ಬಗ್ಗಿ, ಮೆಲ್ಲಗೆ ಗಾಳಿ ಊದಬೇಕು. ಕಂದನ ಕಣ್ಣಿಗೆ ಊದ್ತಾರಲ್ಲ, ಅಷ್ಟೇ. ಎದ್ದಿರೋ ಹುಳ ತಲೆ ಆಡಿಸ್ತದೆ, ಯಾರವ್ವಾ ಅದು ಅಂತ. ನೂರಕ್ಕೆ ತೊಂಬತ್ತೈದು ಆಡಿಸೋ ತನಕ ಕೈ ಕಟ್ಕೊಂಡು ಕೂತ್ಕೋಬೇಕು. ಹೊಟ್ಟೆ ಉರಿದ್ರೂ ಹಾಕ್ಬಾರ್ದು.”

ಆರು ನಿಮಿಷ ಮಾತಾಡಿದಳು. ಲೋಟದ ಸುದ್ದಿ ಎತ್ತಲಿಲ್ಲ. ನಡುವೆ ಯಾರೋ ಬಾಗಿಲಿಗೆ ಬಂದು ಇಣುಕಿ ಹೋದರು. ಮನೆಯವರೇ ಇರಬೇಕು, ವಿಡಿಯೋದಲ್ಲಿ ಗುರುತು ಹತ್ತುವುದಿಲ್ಲ. ಅಲ್ಲಿಯೇ ಗೋಡೆಗೊರಗಿ ಕೂತು ಚಾನೆಲ್ಲಿಗೆ ಏ‌ರಿಸಿದೆ. ಅವಳ ಹೆಸರನ್ನೇ ತಲೆಬರಹ ಮಾಡಿದೆ.

ಸಂಜೆ ಐದಕ್ಕೆ ಅದನ್ನು ಅಳಿಸಿದರು, ಪಾಸ್‌ವರ್ಡ್ ಬದಲಿಸಿದರು. ಅಷ್ಟರಲ್ಲಿ ಒಂಬತ್ತು ಸಾವಿರ ಜನ ನೋಡಿದ್ದರು. ಮುರಳಿಮೋಹನ್ ಫೋನಿನಲ್ಲಿ ಅಂದರು: “ಉಂಡ ಮನೆಗೆ ಹಿಂಗಾ ಮಾಡೋದು? ನಾಳೆಯಿಂದ ಇಬ್ರೂ ಬರಬೇಡಿ.”

ಉಂಡದ್ದು ಯಾವ ತಟ್ಟೆಯಲ್ಲಿ ಎಂದು ಕೇಳುವಷ್ಟರಲ್ಲಿ ಫೋನಿಟ್ಟರು.

ಐದನೇ ದಿನ ಆಶಾರಾಣಿಯ ಫೋನು ಬಂತು. ಸ್ಪೀಕರಿಗೆ ಹಾಕಿದೆ. ಅಮ್ಮ ಹೊಸಿಲ ಮೇಲೆ ಕೂತು ಬೇರೆ ತೋಟದ ಕೂಲಿಗೆ ಹೋಗಿ ಬಂದ ಕಾಲು ತಿಕ್ಕಿಕೊಳ್ಳುತ್ತಿದ್ದಳು.

“ರೂಪ, ಸಿಟ್ಟೆಲ್ಲ ಬಿಡೇ. ನಾಲ್ಕನೇ ಜ್ವರಕ್ಕೆ ಕೂತಿದಾವೆ ಕಣೇ. ಎದ್ದಿದಾವೋ ಇಲ್ವೋ ಒಬ್ರಿಗೂ ಗೊತ್ತಾಗ್ತಿಲ್ಲ. ಮಾವ ಹಾಕಿ ಅಂತಾರೆ, ಕೆಲಸಕ್ಕೆ ಬಂದಿರೋ ವೆಂಕಟೇಶ ಬೇಡ ಅಂತಾನೆ. ಸ್ವಲ್ಪ ನಿಮ್ಮಮ್ಮನ್ನ ಕಳಿಸೇ.”

“ವಿಡಿಯೋನಾಗೆ ಹೇಳಿದೀನಲ್ಲ, ನೋಡ್ಕೊಳ್ಳಿ ಅನ್ನು,” ಎಂದಳು ಅಮ್ಮ, ತಲೆ ಎತ್ತದೆ.

ಆ ಕಡೆ ಆಶಾರಾಣಿಯ ದನಿ ತಗ್ಗಿತು. “ಅದು... ಅಳಿಸಿಬಿಟ್ರಲ್ಲ ಇವರು.”

ಅಮ್ಮನ ಕೈ ಕಾಲಿನ ಮೇಲೇ ನಿಂತಿತು. ಅವಳ ಮನಸ್ಸು ಎಲ್ಲಿಗೆ ಹೋಯಿತೆಂದು ನನಗೆ ಗೊತ್ತಾಯಿತು. ಆ ಮನೆಯವರ ಮೇಲೆ ಅವಳಿಗೆ ಮರುಕವಿರಲಿಲ್ಲ. ತಟ್ಟೆಗಳಲ್ಲಿ ತಲೆ ಎತ್ತಿ ಕೂತ ಸಾವಿರಾರು ಹುಳದ ಮೇಲಿತ್ತು. “ಸಾಯ್ತವೆ ಕಣೇ ಅವು,” ಎಂದಳು. “ಅವೇನು ಮಾಡಿದ್ವು ಪಾಪ.”

“ಹೋಗ್ತೀಯಾ?”

“ಆ ಲೋಟ ತೆಗೆದವ್ರಾ ಕೇಳು.”

ನಾನು ಕೇಳುವ ಮೊದಲೇ ಆಶಾರಾಣಿಗೆ ಕೇಳಿಸಿತ್ತು. ಅವರ ದನಿ ಅರಳಿತು. “ಅಯ್ಯೋ, ಅದನ್ನ ಅವತ್ತೇ ಎಸೆದ್ವಿ ಆಂಜಿನಮ್ಮ! ನಾನೇ ಜಗಳ ಆಡಿ ಎಸೆಸಿದೆ. ಇನ್ಮೇಲೆ ಲೋಟ ತೊಳಿಯೋ ಕಷ್ಟಾನೂ ಇಲ್ಲ ನಿನಗೆ. ಪೇಪರ್ ಕಪ್ಪು ತರ್ಸಿದೀನಿ, ನೂರರದ್ದು ಒಂದು ಪ್ಯಾಕು. ನಿನಗೆ ಅಂತಲೇ!”

ಅಮ್ಮ ನನ್ನ ಕೈಯಿಂದ ಫೋನು ತೆಗೆದುಕೊಂಡಳು. ಕೆಂಪು ಗುಂಡಿ ಯಾವುದೆಂದು ಹುಡುಕಿ, ಒತ್ತಿದಳು. ಮತ್ತೆ ಬಾರಿಸಿತು. ಮತ್ತೆ ಒತ್ತಿದಳು. ಮೂರನೇ ಸಲಕ್ಕೆ ಅದನ್ನು ಹಾಸಿಗೆಯ ಕೆಳಗೆ ತಳ್ಳಿ, ಹೊಸಿಲಿಗೆ ವಾಪಸು ಬಂದು ಕೂತಳು. ಅಲ್ಲಿಂದ ನೋಡಿದರೆ ದೊಡ್ಡ ಮನೆಯ ಹುಳು ಮನೆಯ ಶೀಟು ಕಾಣುತ್ತದೆ. ಕತ್ತಲಾಗಿ ಅದು ಕಾಣದೆ ಹೋಗುವವರೆಗೂ ಅತ್ತಲೇ ನೋಡುತ್ತಿದ್ದಳು, ಎದ್ದು ಮಾತ್ರ ಹೋಗಲಿಲ್ಲ.